ಮೊದಲ ಹತ್ತು ಒತ್ತು

ಕಾಲಿಗೆ ತಿಳಿಯದ ನೋವನ್ನು ಚಪ್ಪಲಿ ತಿಳಿದುಕೊಂಡು ಹೇಳಿದರೆ ಹೇಗೆ?

ಕೇಳುವುದಕ್ಕೆ ತಮಾಷೆಯಾಗಿರುವ ಈ ಪ್ರಶ್ನೆಯ ಬೆನ್ನು ಬಿದ್ದು ಡಾಕ್ಟರ್ ಚೆಲ್ವರಾಜ್ ಹನ್ನೊಂದು ವರ್ಷ ಕಳೆದಿದ್ದ. ಸಕ್ಕರೆ ಕಾಯಿಲೆ ಹಳೆಯದಾದವರ ಪಾದ ಜೋಮು ಹಿಡಿದು ಸತ್ತಂತಾಗುತ್ತದೆ. ಮೊಳೆ ಚುಚ್ಚಿದರೂ ತಿಳಿಯದು, ಕಾದ ಡಾಂಬರು ತುಳಿದರೂ ತಿಳಿಯದು. ಗಾಯ ಕೀತು ವಾಸನೆ ಹೊಡೆದಾಗ ಮನೆಯವರಿಗೆ ಗೊತ್ತಾಗುತ್ತದೆ, ಅಷ್ಟು ಹೊತ್ತಿಗೆ ವೈದ್ಯರು ಕತ್ತರಿಸುವ ಮಾತಾಡುತ್ತಿರುತ್ತಾರೆ. ಅಂಥ ಪಾದದ ಕೆಳಗೆ ತಾನಾಗಿ ಅರಿಯುವ ಒಂದು ರಬ್ಬರಿನ ಅಟ್ಟೆಯನ್ನು ಇಡಬೇಕು, ಅದು ಕಂಡದ್ದನ್ನು ಇನ್ನೂ ಜೀವವಿರುವ ಮೊಣಕಾಲಿಗೆ ಮುಟ್ಟಿಸಬೇಕು. ಚೆಲ್ವರಾಜನ ಯೋಚನೆ ಇಷ್ಟೇ.

ರಬ್ಬರು ಹುಟ್ಟಾ ವಿದ್ಯುತ್ತಿಗೆ ದಾರಿ ಬಿಡುವ ವಸ್ತುವಲ್ಲ. ಅದಕ್ಕೆ ಕೂದಲಿಗಿಂತ ಸಾವಿರಾರು ಪಟ್ಟು ಸಪೂರವಾದ ಇಂಗಾಲದ ನಳಿಕೆಗಳನ್ನು ಬೆರೆಸಬೇಕು. ನೂರು ಗ್ರಾಂ ರಬ್ಬರಿಗೆ ಒಂದು ಗ್ರಾಂ ಬೆರೆಸಿ, ಏನೂ ಆಗುವುದಿಲ್ಲ. ಎರಡು ಗ್ರಾಂ ಬೆರೆಸಿ, ಆಗಲೂ ಅದು ಜಪ್ಪಯ್ಯ ಅನ್ನುವುದಿಲ್ಲ. ಎರಡೂವರೆಗೆ ಬಂತೋ, ಇದ್ದಕ್ಕಿದ್ದ ಹಾಗೆ ಒಳಗೆಲ್ಲ ವಿದ್ಯುತ್ತು ಹರಿಯತೊಡಗುತ್ತದೆ. ಬೆಂಕಿ ಬಿದ್ದ ಮನೆಗೆ ಜನ ಸಾಲು ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸುತ್ತಾರಲ್ಲ, ಹಾಗೆ. ಸಾಲಿನಲ್ಲಿ ಜನ ಸಾಲದಿದ್ದರೆ ನೀರು ಬಾವಿಯ ಹತ್ತಿರವೇ ನಿಂತುಬಿಡುತ್ತದೆ. ತುಳಿದರೆ ನಳಿಕೆಗಳು ಹತ್ತಿರವಾಗಿ ವಿದ್ಯುತ್ತು ಏರುತ್ತದೆ. ಬಿಸಿ ತಗುಲಿದರೆ ರಬ್ಬರು ಹಿಗ್ಗಿ, ನಳಿಕೆಗಳು ಒಂದರಿಂದ ಒಂದು ದೂರವಾಗಿ ವಿದ್ಯುತ್ತು ಇಳಿಯುತ್ತದೆ. ಏರಿದರೆ ಒತ್ತು, ಇಳಿದರೆ ಬಿಸಿ. ಅಂಗಿಯ ಗುಂಡಿಯಷ್ಟಿರುವ ಒಂದು ಚಿಪ್ ಇದನ್ನು ಓದಿ, ಅಪಾಯ ಕಂಡರೆ ಮೊಣಕಾಲಿನ ಕೆಳಗೆ ಕಟ್ಟಿದ ಪಟ್ಟಿಯನ್ನು ಗುಂಯ್ ಅನ್ನಿಸುತ್ತದೆ.

ಎಲ್ಲ ಸರಿ, ಆದರೆ ಈ ರಬ್ಬರಿಗೆ ಒಂದು ಕೆಟ್ಟ ಚಾಳಿ ಇತ್ತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಒಳಗಿನ ನಳಿಕೆಗಳು ತಮ್ಮಷ್ಟಕ್ಕೆ ಸರಿದಾಡಿ ಸಾಲು ಕೆಡಿಸಿಕೊಳ್ಳುತ್ತಿದ್ದವು. ಆಮೇಲೆ ಒತ್ತಿದರೆ ಮೊದಲ ಕೆಲವು ಅಳತೆಗಳು ಮನಸ್ಸಿಗೆ ಬಂದ ಹಾಗೆ ಬರುತ್ತಿದ್ದವು. ಆರು, ಏಳು, ಎಂಟು ಸಲ ಒತ್ತಿದ ಮೇಲೆ ದಾರಿಗೆ ಬಂದು, ಹತ್ತರ ಹೊತ್ತಿಗೆ ನಿಯತ್ತಾಗಿ ಹೇಳತೊಡಗುತ್ತಿತ್ತು. ಆದ್ದರಿಂದ ಲ್ಯಾಬಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಹತ್ತು ಸಲ ಒತ್ತಿ ಬಿಡಬೇಕು, ಹನ್ನೊಂದನೆಯದರಿಂದ ಬರೆದುಕೊಳ್ಳಬೇಕು. ತಂತ್ರಜ್ಞ ಫ್ರಾನ್ಸಿಸ್ ಬೆಳಿಗ್ಗೆ ಒತ್ತುಯಂತ್ರ ಚಾಲೂ ಮಾಡಿ, "ರಬ್ಬರ್ ಇನ್ನೂ ಎದ್ದಿಲ್ಲ ಸಾರ್, ಎಬ್ಬಿಸ್ತಿದ್ದೀನಿ" ಅನ್ನುತ್ತಿದ್ದ. ಅವನು ಎಬ್ಬಿಸುವಷ್ಟು ಹೊತ್ತಿಗೆ ಎಲ್ಲರ ಕಾಫಿಯೂ ಮುಗಿದಿರುತ್ತಿತ್ತು. ಆ ಮೊದಲ ಹತ್ತನ್ನು ಹನ್ನೊಂದು ವರ್ಷದಲ್ಲಿ ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ಚಿಪ್‌ಗೆ ಬುದ್ಧಿ ಹೇಳಿಕೊಡುವಾಗಲೂ ಚೆಲ್ವರಾಜ ಅದನ್ನೇ ಹೇಳಿಕೊಟ್ಟ. ಅಟ್ಟೆ ಅರ್ಧ ಗಂಟೆ ಹೆಜ್ಜೆ ಕಾಣದೆ ಸುಮ್ಮನಿದ್ದರೆ ಮತ್ತೆ ಒಂದರಿಂದ ಎಣಿಸು, ಹತ್ತಾಗುವವರೆಗೆ ಬಾಯಿ ಬಿಡಬೇಡ ಅಂತ. ಸುಮ್ಮಸುಮ್ಮನೆ ಗುಂಯ್ ಅನ್ನುವುದು ನಿಂತುಹೋಯಿತು. ಅಂದು ಲ್ಯಾಬಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಮೈಸೂರು ಪಾಕ್ ತರಿಸಿ ಹಂಚಿದರು.

ಈಗ ಅವನು ಯಾರಿಗೂ ಹೇಳದಿದ್ದ ಮಾತಿಗೆ ಬರೋಣ.

ಮೈಸೂರಿನ ಅಂಚಿನಲ್ಲಿದ್ದ ಆ ಸಂಶೋಧನಾ ಕೇಂದ್ರದ ಗೇಟು ದಾಟಿ, ಸಿಬ್ಬಂದಿಯ ವಸತಿಗೆ ತಿರುಗುವ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇತ್ತು. ಇಸ್ತ್ರಿ ಮಾಡುವವನ ಹೆಸರು ಮಾದಯ್ಯ, ವಯಸ್ಸು ಐವತ್ತೆಂಟು. ಅವನದು ಇದ್ದಿಲು ತುಂಬುವ ಹಳೆಯ ಹಿತ್ತಾಳೆ ಪೆಟ್ಟಿಗೆ. ವಿದ್ಯುತ್ತಿನದು ಕೊಡಿಸುತ್ತೇವೆ ಅಂದವರಿಗೆ, "ಅದು ಬಟ್ಟೇನ ಹೆದ್ರುಸ್ತದೆ, ಇದು ಒಪ್ಪುಸ್ತದೆ" ಅನ್ನುತ್ತಿದ್ದ. ಅವನು ಮಡಿಸಿದ ಶರಟಿನ ಎಡತೋಳು ಬಲತೋಳಿನ ಮೇಲೆ ಕೂದಲೆಳೆಯಷ್ಟೂ ಆಚೆಈಚೆ ಆಗುತ್ತಿರಲಿಲ್ಲ. ಕೇಂದ್ರದ ನಿರ್ದೇಶಕಿ ಲಲಿತಾಂಬ ಅವರು ತಮ್ಮ ಇಳಕಲ್ ಸೀರೆಗಳನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಮಾದಯ್ಯ ಚೆಲ್ವರಾಜನ ಒಡಹುಟ್ಟಿದ ಅಣ್ಣ. ಕೇಂದ್ರದಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ.

ಹದಿನಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಚೆಲ್ವರಾಜ ಇಬ್ಬರು ಸಹೋದ್ಯೋಗಿಗಳ ಜೊತೆ ಆ ಮೂಲೆಯಲ್ಲಿ ನಡೆದು ಬರುತ್ತಿದ್ದ. ಗಾಡಿಯ ಹಿಂದಿದ್ದ ಅಣ್ಣನ ಮುಖ ಅವನನ್ನು ಕಂಡು ಅರಳಿತು. ಆ ಕ್ಷಣದಲ್ಲಿ ಚೆಲ್ವರಾಜನ ಕಣ್ಣು ತಾನಾಗಿಯೇ ನೆಲಕ್ಕೆ ಇಳಿಯಿತು. ಅಣ್ಣ ಅದನ್ನು ನೋಡಿದ. ಅಪ್ಪ ತೀರಿಹೋದ ಮೇಲೆ ಅದೇ ಗಾಡಿಯ ಅಡಿಯಲ್ಲಿ ಕೂರಿಸಿ ತಮ್ಮನಿಗೆ ಮಗ್ಗಿ ಬಾಯಿಪಾಠ ಮಾಡಿಸಿದವನು ಅವನು, ತಮ್ಮನ ಮುಖ ಓದಲು ಬಾರದೇ? ಅರಳಿದ ಮುಖವನ್ನು ಹಾಗೇ ಬೇರೆ ಕಡೆ ತಿರುಗಿಸಿ, "ನಮಸ್ಕಾರ ಸಾರ್, ಬಟ್ಟೆ ಇದ್ರೆ ಕೊಡಿ" ಅಂದ.

"ಇವನು ನನ್ನ ಅಣ್ಣ" ಅನ್ನಲು ಅರೆಗಳಿಗೆ ಸಾಕಿತ್ತು. ಚೆಲ್ವರಾಜ ಅನ್ನಲಿಲ್ಲ. ಮರುದಿನ ಅನ್ನುವುದು ಇನ್ನೂ ಕಷ್ಟವಾಯಿತು, ವರ್ಷ ಕಳೆದ ಮೇಲೆ ಆಗದ ಮಾತೇ ಆಯಿತು. ಭಾನುವಾರ ಅಣ್ಣನ ಮನೆಗೆ ಹೋಗುತ್ತಿದ್ದ, ಅತ್ತಿಗೆ ತಾಯಮ್ಮನ ಕೈಯ ಮುದ್ದೆ ಉಪ್ಸಾರು ಉಣ್ಣುತ್ತಿದ್ದ. ಅಲ್ಲಿ ಅವನು ಚೆಲುವ. ಸೋಮವಾರ ಹೊಂಗೆ ಮರದ ಕೆಳಗೆ ಅಣ್ಣ ಮತ್ತೆ "ನಮಸ್ಕಾರ ಸಾರ್" ಅನ್ನುತ್ತಿದ್ದ. ಅದರ ಬಗ್ಗೆ ಮೂವರೂ ಎಂದೂ ಮಾತೆತ್ತಿರಲಿಲ್ಲ.

ಅಣ್ಣನ ಪಾದಕ್ಕೆ ಜೋಮು ಹಿಡಿದು ಆಗಲೇ ನಾಲ್ಕು ವರ್ಷವಾಗಿತ್ತು. ಅಟ್ಟೆಯನ್ನು ಜನರ ಕಾಲಿಗೆ ಹಾಕಿ ನೋಡುವ ಹಂತ ಬಂದಾಗ ಚೆಲ್ವರಾಜ ನಲವತ್ತು ಜನರ ಪಟ್ಟಿಯಲ್ಲಿ ಅವನನ್ನೂ ಸೇರಿಸಿದ. ಹದಿನೇಳನೆಯ ವ್ಯಕ್ತಿ, ಮಾದಯ್ಯ, ಇಸ್ತ್ರಿ ಕೆಲಸ. ಸಂಶೋಧಕರೊಂದಿಗೆ ಸಂಬಂಧವೇನಾದರೂ ಉಂಟೇ ಎಂಬ ಅಂಕಣದಲ್ಲಿ 'ಇಲ್ಲ' ಎಂದು ಬರೆದ. ಸಂಬಂಧಿಕರು ಇರಕೂಡದು ಅನ್ನುವುದು ನಿಯಮ, ಅಣ್ಣನಿಗೆ ಅಟ್ಟೆ ಸಿಗಬೇಕಾದರೆ ಬೇರೆ ದಾರಿಯಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಆ ಎರಡಕ್ಷರ ಬರೆಯುವಾಗ ಅವನ ಕೈ ಒಂದಿಷ್ಟೂ ತಡೆಯಲಿಲ್ಲ. ಅಷ್ಟು ರೂಢಿಯಾಗಿಹೋಗಿತ್ತು.

"ಏನ್ಲಾ ಚೆಲುವ ಇದು!" ಎಂದು ಆ ಭಾನುವಾರ ಅಣ್ಣ ಹಿಗ್ಗಿ ಹೀರೇಕಾಯಿಯಾಗಿದ್ದ. "ಸಂತೇಗೋಗಿ ಬತ್ತಿದ್ದೆ, ಬಲಗಾಲಡೀಲಿ ಗಾಜಿನ ಚೂರು. ಮಂಡಿ ಕೆಳ್ಗೆ ಗುಂಯ್ ಅಂತು ಕಣ್ಲಾ. ನಾಕು ವರ್ಸದಿಂದ ನಂ ಕಾಲು ನಂಗೆ ಒಂದು ಮಾತೂ ಹೇಳಿರ್ಲಿಲ್ಲ!"

"ಮಾತಾಡೋ ಚಪ್ಲಿ ಬಂತು, ಇನ್ ನಂ ಮಾತ ಯಾರ್ ಕೇಳ್ತಾರೆ?" ಎಂದು ತಾಯಮ್ಮ ನಕ್ಕಳು.

ಸಂತೆಯಿಂದ ಬರುವವನು ಹತ್ತಲ್ಲ, ಸಾವಿರ ಹೆಜ್ಜೆ ನಡೆದಿರುತ್ತಾನೆ. ಅಂದು ಅದು ಯಾರಿಗೂ ಹೊಳೆಯಲಿಲ್ಲ.

ಮೂರು ತಿಂಗಳು ಕಳೆದವು. ಒಂದು ಗುರುವಾರ ಮಧ್ಯಾಹ್ನ ಕೇಂದ್ರದಲ್ಲಿ ದೊಡ್ಡ ಸಭೆ. ಆರು ಸಾವಿರ ಜೋಡಿ ಅಟ್ಟೆಗಳು ಸಿದ್ಧವಾಗಿದ್ದವು, ಅವು ಜಿಲ್ಲಾ ಆಸ್ಪತ್ರೆಗಳಿಗೆ ಹೋಗುವ ದಿನ ಗೊತ್ತುಮಾಡಬೇಕಿತ್ತು. ಮೇಜಿನ ಮೇಲಿಟ್ಟಿದ್ದ ಚೆಲ್ವರಾಜನ ಫೋನು ಅದುರಿತು. ಪರದೆಯ ಮೇಲೆ 'ಇಸ್ತ್ರಿ' ಎಂದು ಬಂತು. ಅಣ್ಣನ ನಂಬರನ್ನು ಅವನು ಹಾಗೆಯೇ ಬರೆದಿಟ್ಟುಕೊಂಡಿದ್ದ.

ಪಕ್ಕದಲ್ಲಿದ್ದ ಸುದರ್ಶನ ಬಗ್ಗಿ ನೋಡಿ, "ನಿಮ್ಮ ಬಟ್ಟೆ ಆಗಿರಬೇಕು" ಎಂದು ನಕ್ಕ. ಪ್ರಯೋಗದ ವರದಿಗಳೆಲ್ಲ ಇವನ ಕೈಯಲ್ಲೇ ತಯಾರಾಗುತ್ತಿದ್ದವು. ಚೆಲ್ವರಾಜನೂ ನಕ್ಕು ಕರೆಯನ್ನು ಕತ್ತರಿಸಿದ. ಇನ್ನೆರಡು ಸಲ ಅದುರಿತು, ಎರಡು ಸಲವೂ ಕತ್ತರಿಸಿದ.

ಸಭೆ ಮುಗಿಸಿ ಗೇಟಿಗೆ ಬಂದರೆ ಹೊಂಗೆ ಮರದ ಕೆಳಗೆ ಗಾಡಿ ಇತ್ತು, ಅಣ್ಣ ಇರಲಿಲ್ಲ. ಅರ್ಧ ಮಡಿಸಿದ ಶರಟು ಹಾಗೇ ಬಿದ್ದಿತ್ತು.

"ಇಸ್ತ್ರಿಯವ್ರ ಕಾಲು ಸುಟ್ಟೋಯ್ತು ಸಾರ್" ಅಂದ ಗೇಟಿನ ಕಾವಲುಗಾರ. "ಪೆಟ್ಟಿಗೆಯಿಂದ ಕೆಂಡ ಸಿಡಿದು ಚಪ್ಪಲಿ ಒಳಗೆ ಬಿದ್ದೈತೆ, ಬೆರಳ ಸಂದೀಲಿ. ಅವ್ರಿಗೆ ಗೊತ್ತೇ ಇಲ್ಲ. ನಿಂತ್ಕೊಂಡು ಇಸ್ತ್ರಿ ಮಾಡ್ತಾನೇ ಅವ್ರೆ. ಬಟ್ಟೆ ಕೊಡೋಕೆ ಬಂದ ಅಮ್ಮೋರು ವಾಸನೆ ನೋಡಿ ಕಿರುಚ್ಕೊಂಡ್ರು."

ಆಸ್ಪತ್ರೆಯ ಮೊಗಸಾಲೆಯಲ್ಲಿ ತಾಯಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಚಪ್ಪಲಿಗಳಿದ್ದವು. "ನಿಮ್ಮಣ್ಣನ ಫೋನಿಂದ ಮೂರು ಕಿತ ಮಾಡ್ದೆ ಚೆಲುವ" ಅಂದಳು, ಬೈಗುಳದ ದನಿಯಲ್ಲೇನೂ ಅಲ್ಲ.

"ಮೀಟಿಂಗ್‌ನಲ್ಲಿದ್ದೆ ಅತ್ತಿಗೆ."

"ಚಿಕ್ಕ ಬೆರಳು ಉಳಿಯಾಕಿಲ್ಲ ಅಂದ್ರು ಡಾಕ್ಟ್ರು. ಪಾದ ಉಳ್ಸಕ್ಕೆ ನೋಡ್ತೀವಿ ಅಂದ್ರು."

ಅವನು ಅಣ್ಣನನ್ನು ನೋಡಲು ಒಳಗೆ ಹೋಗಬೇಕಿತ್ತು. ಹೋದ, ಆದರೆ ಅದಕ್ಕೂ ಮೊದಲು ಕೈ ಚಾಚಿ ಆ ಚಪ್ಪಲಿಯ ಚೀಲವನ್ನು ಇಸಿದುಕೊಂಡ. ಆಮೇಲೆ ಎಷ್ಟೋ ದಿನ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಇದೇ.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಫ್ರಾನ್ಸಿಸ್ ಸುಟ್ಟ ಅಟ್ಟೆಯ ಚಿಪ್‌ನಿಂದ ದಾಖಲೆ ತೆಗೆದ. ಅಟ್ಟೆ ತಾನು ಕಂಡದ್ದನ್ನೆಲ್ಲ ಬರೆದಿಡುತ್ತಿತ್ತು, ಹೇಳಲಿ ಬಿಡಲಿ. ಊಟ ಮಾಡಿ ಮಾದಯ್ಯ ಮುಕ್ಕಾಲು ಗಂಟೆ ಕಟ್ಟೆಯ ಮೇಲೆ ಕೂತಿದ್ದ. ಎದ್ದು ನಾಲ್ಕು ಹೆಜ್ಜೆ ಹಾಕಿ ಗಾಡಿಗೆ ಬಂದಿದ್ದ. ಐದನೆಯ ಒತ್ತಿಗೆ ವಿದ್ಯುತ್ತು ಸರ್ರನೆ ಇಳಿದಿತ್ತು, ಮೊದಲಿದ್ದುದರ ಹತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಹಾಗೆ ಇಳಿದದ್ದು ಆರು ನಿಮಿಷ ಹಾಗೇ ಇತ್ತು. ಆರು ನಿಮಿಷದಲ್ಲಿ ಮಾದಯ್ಯ ಕಾಲು ಎತ್ತಿ ಇಟ್ಟದ್ದು ಮೂರು ಸಲ. ಒಟ್ಟು ಎಂಟು. ಹತ್ತಾಗಲೇ ಇಲ್ಲ.

ಫ್ರಾನ್ಸಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ರಬ್ಬರಿಗೆ ಗೊತ್ತಾಗಿದೆ ಸಾರ್. ನಾವೇ ಬಾಯಿ ಮುಚ್ಚಿಸಿದ್ದೀವಿ."

ಚೆಲ್ವರಾಜ ನಲವತ್ತೂ ಜನರ ಮೂರು ತಿಂಗಳ ದಾಖಲೆ ಪೂರ್ತಿ ತೆಗೆಸಿದ. ಇಸ್ತ್ರಿ ಮಾಡುವವನು ನಡೆಯುವುದಿಲ್ಲ, ನಿಲ್ಲುತ್ತಾನೆ. ಒಂದು ಸೀರೆಗೆ ಎರಡು ಹೆಜ್ಜೆ, ಒಂದು ಶರಟಿಗೆ ಒಂದು. ಹತ್ತಾಗುವಷ್ಟರಲ್ಲಿ ಎಷ್ಟೋ ಹೊತ್ತು, ಅಷ್ಟರಲ್ಲಿ ಒಮ್ಮೆ ಅರ್ಧ ಗಂಟೆ ಕೂತು ದಣಿವಾರಿಸಿಕೊಂಡರೆ ಎಣಿಕೆ ಮತ್ತೆ ಒಂದಕ್ಕೆ. ದಿನದ ಅರ್ಧ ಹೊತ್ತು ಅಣ್ಣನ ಕಾಲಡಿಯ ಅಟ್ಟೆ ಮೂಕವಾಗಿತ್ತು. ಒಂಬತ್ತನೆಯ ವ್ಯಕ್ತಿ ದರ್ಜಿ, ಅವನದೂ ಹಾಗೇ. ಇಪ್ಪತ್ತಮೂರನೆಯವಳು ಹೋಟೆಲಿನ ಒಲೆಯ ಮುಂದೆ ರೊಟ್ಟಿ ತಟ್ಟುವವಳು, ಅವಳದೂ ಹಾಗೇ. ನಡೆದಾಡುವವರಿಗೆ ಏನೂ ತೊಂದರೆಯಿರಲಿಲ್ಲ. ನಿಂತಲ್ಲೇ ನಿಂತು ಕೂತಲ್ಲೇ ಕೂತು ದುಡಿಯುವವರನ್ನು ಈ ಅಟ್ಟೆ ನಂಬಿಸಿ ಕೈಬಿಡುತ್ತಿತ್ತು. ಜಿಲ್ಲಾ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಇಂಥವರೇ ಅಲ್ಲವೇ?

ಇನ್ನೂ ಹೊಟ್ಟೆ ಉರಿಸಿದ್ದು ಬೇರೆ. ನಿದ್ದೆಗಣ್ಣಿನ ರಬ್ಬರು ಮೊದಲ ಹತ್ತರಲ್ಲಿ ಎಷ್ಟೇ ಹುಚ್ಚಾಟ ಆಡಲಿ, ಕೆಂಡದ ಇಳಿತ ಆ ಹುಚ್ಚಾಟಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಯಾರಾದರೂ ಒಂದೇ ಒಂದು ದಿನ ಕಾಫಿ ಬಿಟ್ಟು ಆ ಹತ್ತು ಅಳತೆಗಳನ್ನು ನೋಡಿದ್ದರೆ ಸಾಕಿತ್ತು. ಇಷ್ಟು ಇಳಿದರೆ ಎಣಿಕೆಗೆ ಕಾಯಬೇಡ ಎಂದು ಚಿಪ್‌ಗೆ ಒಂದು ಸಾಲು ಹೆಚ್ಚು ಬರೆದಿದ್ದರೆ ಸಾಕಿತ್ತು.

ಅವನು ನಿರ್ದೇಶಕಿಗೆ ಪತ್ರ ಬರೆಯಲು ಕೂತ, ಎರಡು ಸಾಲು ಬರೆದು ಅಳಿಸಿದ. ಸಂಜೆ ಸುದರ್ಶನ ತನ್ನ ವರದಿ ತಂದಿಟ್ಟ. 'ಹದಿನೇಳನೆಯ ವ್ಯಕ್ತಿ ಅಟ್ಟೆಯನ್ನು ಸರಿಯಾಗಿ ಧರಿಸದಿದ್ದುದೇ ಅವಘಡಕ್ಕೆ ಕಾರಣವಿರಬೇಕು.'

"ದಾಖಲೆ ನೋಡಿದ್ರಾ?" ಚೆಲ್ವರಾಜ ಕೇಳಿದ.

"ಎಚ್ಚರಿಕೆ ಕೊಟ್ಟ ದಾಖಲೆ ಇಲ್ಲ, ನೋಡಿದೆ. ಅಂದ ಮೇಲೆ ಕಾಲಿಗೆ ಸರಿಯಾಗಿ ಕೂತೇ ಇಲ್ಲ ಅಂತ ತಾನೆ? ಅವರಿಗೆಲ್ಲ ಎಷ್ಟು ಹೇಳಿದ್ರೂ ಅಷ್ಟೇ ಬಿಡಿ."

ಚೆಲ್ವರಾಜ ಪೆನ್ನು ತೆಗೆದು 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದ.

ಅಣ್ಣನ ಕಿರುಬೆರಳು ಹೋಯಿತು, ಪಾದ ಉಳಿಯಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಬಂದ ಭಾನುವಾರ ಚೆಲ್ವರಾಜ ಅಣ್ಣನ ಮನೆಯ ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಹತ್ತು ಒತ್ತಿನ ವಿಷಯ, ಚಿಪ್‌ನ ವಿಷಯ, ತಾನು ಹಾಕಿದ ಸಹಿಯ ವಿಷಯ. ಹೇಳುವಾಗ ಕಣ್ಣು ಚಾಪೆಯ ಅಂಚಿನ ಮೇಲೆಯೇ ಇತ್ತು. ಬ್ಯಾಂಡೇಜು ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟು ಮಾದಯ್ಯ ಕೇಳಿಸಿಕೊಂಡ.

"ಬುಧವಾರ ವಿಚಾರಣೆ ಇದೆ ಅಣ್ಣ. ನಿನ್ನನ್ನೂ ಕರೀತಾರೆ."

"ನೀನು ಇದ್ನೆಲ್ಲ ಅಲ್ಲಿ ಹೇಳುದ್ರೆ ನಿಂಗೇನಾಯ್ತದೆ?"

"ಯೋಜನೆ ಕೈಬಿಟ್ಟು ಹೋಗುತ್ತೆ. ಸುಳ್ಳು ವರದಿಗೆ ಸಹಿ ಹಾಕಿದ್ದೀನಲ್ಲ, ಕೆಲಸ ಹೋದ್ರೂ ಹೋಗಬಹುದು."

ಮಾದಯ್ಯ ದಿಂಬಿನ ಮೇಲಿನ ಕಾಲನ್ನು ಸರಿಮಾಡಿಕೊಂಡ. "ಹಂಗಾರೆ ಹೇಳ್ಬ್ಯಾಡ" ಅಂದ. "ಬೆರಳು ಹೋಗದು ಹೋಯ್ತು. ನೀನು ಹೇಳುದ್ರೆ ತಿರ್ಗಾ ಬಂದಾದೇ?"

"ಏನ್ ಮಾತು ಅಂತ ಆಡ್ತೀಯ?" ತಾಯಮ್ಮ ಒಲೆಯ ಮುಂದಿನಿಂದ ಸಿಡಿದಳು. "ನಿಂಗ್ ಒಂದು ಬೆರಳೋಯ್ತು ಸರಿ. ಅದ್ನ ಹಾಕ್ಕೊಳೋ ಮಿಕ್ಕೋರ ಗತಿ?"

"ನೀ ಸುಮ್ಕಿರು" ಎಂದ ಮಾದಯ್ಯ.

ಚೆಲ್ವರಾಜನಿಗೆ ಆಗ ಎದೆಯ ಮೇಲಿಂದ ಒಂದು ಮಣ ಭಾರ ಇಳಿದ ಹಾಗಾಯಿತು. ಹಾಗಾಯಿತಲ್ಲ ಎಂದು ಅವನಿಗೇ ಅಸಹ್ಯವಾಯಿತು. ಅತ್ತಿಗೆ ಬಡಿಸಿದ ಮುದ್ದೆಯನ್ನು ಮುರಿಯಲೂ ಆಗದೆ, ತಟ್ಟೆ ಬಿಟ್ಟು ಏಳಲೂ ಆಗದೆ ಕೂತೇ ಇದ್ದ. ಅತ್ತಿಗೆ ಅವತ್ತು ಇನ್ನಷ್ಟು ಹಾಕಿಕೋ ಅನ್ನಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಸಭೆ ಸೇರಿತು. ಉದ್ದ ಮೇಜಿನ ತಲೆಯಲ್ಲಿ ಲಲಿತಾಂಬ, ಎಡಕ್ಕೆ ಆರೋಗ್ಯ ಇಲಾಖೆಯ ಕಡೆಯಿಂದ ಬಂದ ವೈದ್ಯ ಡಾಕ್ಟರ್ ಮುನೀರ್, ಅವರ ಎದುರು ಸುದರ್ಶನ, ಚೆಲ್ವರಾಜ, ಇನ್ನು ಕೆಲವರು. ಹಿಂದಿನ ಗೋಡೆಯ ಹತ್ತಿರ ಫ್ರಾನ್ಸಿಸ್ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಆರು ಸಾವಿರ ಜೋಡಿಗಳು ಸೋಮವಾರ ಲಾರಿ ಏರಬೇಕು. ಈ ಒಂದು ಅವಘಡದ ಕಡತ ಮುಚ್ಚಿದರೆ ಬೇರೇನೂ ಅಡ್ಡಿಯಿರಲಿಲ್ಲ.

ಮಾದಯ್ಯ ಕೋಲು ಊರಿಕೊಂಡು ಬಂದ. ತೊಳೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಎಲ್ಲರಿಗೂ ಕೈಮುಗಿದ. ಚೆಲ್ವರಾಜನಿಗೂ ಮುಗಿದು, "ನಮಸ್ಕಾರ ಸಾರ್" ಅಂದ.

"ಮಾದಯ್ಯನವರೇ, ಹೆದರಬೇಡಿ" ಎಂದರು ಲಲಿತಾಂಬ. "ಅವತ್ತು ಏನಾಯ್ತು ಹೇಳಿ."

"ನಂದೇ ತಪ್ಪು ಅಮ್ಮೋರೇ. ಅಟ್ಟೇನ ಸರ್ಯಾಗಿ ಹಾಕ್ಕೊಂಡಿರ್ಲಿಲ್ಲ ನಾನು."

ಡಾಕ್ಟರ್ ಮುನೀರ್ ಕಾಗದದಿಂದ ತಲೆ ಎತ್ತಿದರು. "ಮೂರು ತಿಂಗಳು ಸರಿಯಾಗಿ ಹಾಕ್ಕೊಂಡಿದ್ದೀರಿ. ಅವತ್ತು ಮಾತ್ರ ಹೇಗೆ ತಪ್ಪಿತು? ಹೇಗೆ ಹಾಕ್ಕೊಂಡಿದ್ರಿ, ಒಂದು ಸಲ ತೋರಿಸ್ತೀರಾ?" ಎಂದು ಹೊಸದೊಂದು ಜೋಡಿ ಅಟ್ಟೆಯನ್ನೂ ಚಪ್ಪಲಿಗಳನ್ನೂ ಮೇಜಿನ ಮೇಲಿಟ್ಟರು.

ಮಾದಯ್ಯ ಅವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಎಡಗಾಲಿನ ಅಟ್ಟೆಯನ್ನು ಬಲಗಾಲಿನ ಚಪ್ಪಲಿಗೆ ತುರುಕಿದ, ಅದೂ ಮೇಲಿನದು ಕೆಳಗಾಗಿ. ಅದು ಕೂರಲಿಲ್ಲ. ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಲು ಹೋದ, ಅದು ಪುಟಿದು ಹೊರಬಿತ್ತು. "ಹಿಂಗೇ ಇರ್ಬೇಕು ಸಾರ್, ನಂಗೆಲ್ಲಿ ಗೊತ್ತಾಯ್ತದೆ ಎಡ ಯಾವ್ದು ಬಲ ಯಾವ್ದು" ಎಂದು ಹಲ್ಲು ಬಿಟ್ಟು ನಕ್ಕ. ಸುದರ್ಶನನೂ ನಕ್ಕ. ಆ ಕಡೆ ಕೂತಿದ್ದ ಇನ್ನಿಬ್ಬರೂ ನಕ್ಕರು.

ಆ ಬೆರಳುಗಳನ್ನು ಚೆಲ್ವರಾಜ ನೋಡಿದ. ಕಾಲರಿನ ತುದಿಯ ಎರಡು ಚುಂಚುಗಳಲ್ಲಿ ದಾರದಷ್ಟು ಹೆಚ್ಚುಕಡಿಮೆಯಾದರೆ ಬಿಚ್ಚಿ ಮತ್ತೆ ತೀಡುವ ಬೆರಳುಗಳು. ಅವು ಈಗ ಏನೂ ಬಾರದವನ ಬೆರಳಿನ ಹಾಗೆ ತಡಕಾಡುತ್ತಿದ್ದವು, ಚೆನ್ನಾಗಿ ತಡಕಾಡುತ್ತಿದ್ದವು. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದಾನೆ ಅನ್ನಿಸಿತು. ಚೆಲ್ವರಾಜನ ಮುಖ ಕಿವಿಯ ತುದಿಯವರೆಗೆ ಬಿಸಿಯಾಯಿತು. ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು, ಆ ನಗುವವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಎಲ್ಲರಿಗಿಂತ ಮೊದಲು ನಕ್ಕವನು ಹದಿನಾರು ವರ್ಷದ ಹಿಂದೆ ನೆಲ ನೋಡಿದ ತಾನೇ ಅಲ್ಲವೇ ಅಂತಲೂ ಅನ್ನಿಸಿತು.

"ಅದನ್ನು ಕೆಳಗಿಡು" ಅಂದ.

ಎಲ್ಲರೂ ಅವನ ಕಡೆ ತಿರುಗಿದರು. ಮಾದಯ್ಯ ತಲೆ ಎತ್ತದೆ, "ಇನ್ನೊಂದ್ ಕಿತ ತೋರುಸ್ತೀನಿ ಸಾರ್" ಅಂದ.

"ಕೆಳಗಿಡು ಅಂದೆ. ಅವರು ಅಟ್ಟೆ ಸರಿಯಾಗೇ ಹಾಕಿಕೊಂಡಿದ್ದರು ಮೇಡಂ. ನಾನು ಸಹಿ ಹಾಕಿದ ವರದಿ ಸುಳ್ಳು. ಫ್ರಾನ್ಸಿಸ್, ಆ ದಾಖಲೆ ಹಾಕಪ್ಪ."

ಫ್ರಾನ್ಸಿಸ್ ಇದಕ್ಕೇ ಕಾದಿದ್ದವನ ಹಾಗೆ ಹಾಕಿದ. ಪರದೆಯ ಮೇಲೆ ಐದನೆಯ ಒತ್ತಿನ ಹತ್ತಿರ ಗೆರೆ ಪಾತಾಳಕ್ಕೆ ಇಳಿದಿತ್ತು. ಚೆಲ್ವರಾಜ ಎದ್ದುನಿಂತು ಹೇಳಿದ. ಅಟ್ಟೆಗೆ ಕೆಂಡ ಗೊತ್ತಾಗಿತ್ತು, ಹೇಳಬೇಡ ಎಂದು ಕಲಿಸಿದವನು ನಾನು ಎಂದ. ದರ್ಜಿಯ ಗೆರೆ ತೋರಿಸಿದ, ರೊಟ್ಟಿ ತಟ್ಟುವವಳ ಗೆರೆ ತೋರಿಸಿದ. ನಾಲಿಗೆ ಒಣಗಿ ಎರಡು ಸಲ ನೀರು ಕುಡಿದ.

"ಆದರೆ ಮೊದಲ ಹತ್ತು ಬಿಡೋದು ನಮ್ಮೆಲ್ಲರ ಪದ್ಧತಿಯಲ್ಲವೇ ಚೆಲ್ವರಾಜ್?" ಲಲಿತಾಂಬ ಮೆಲ್ಲಗೆ ಕೇಳಿದರು. "ನಾನೂ ನನ್ನ ಕಾಲದಲ್ಲಿ ಬಿಟ್ಟವಳೇ."

"ಅಳೆಯೋದಕ್ಕೆ ಬಿಡಬಹುದು ಮೇಡಂ. ಒಬ್ಬರು ಅದರ ಮೇಲೆ ನಿಲ್ಲುವಾಗ ಬಿಡೋ ಹಾಗಿಲ್ಲ. ನನಗೆ ಅವಘಡದ ಮರುದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಸಹಿ ಹಾಕಿದೆ."

ಡಾಕ್ಟರ್ ಮುನೀರ್ ತಮ್ಮ ಕಡತ ಮುಚ್ಚಿದರು. "ಸೋಮವಾರ ಒಂದು ಜೋಡಿಯೂ ಹೊರಡಕೂಡದು. ಈಗ ಹಾಕಿಕೊಂಡಿರುವ ಮಿಕ್ಕ ಮೂವತ್ತೊಂಬತ್ತು ಜನಕ್ಕೂ ಇವತ್ತೇ ಹೇಳಿ ಕಳಿಸಿ." ಆಮೇಲೆ ಮಾದಯ್ಯನನ್ನೂ ಚೆಲ್ವರಾಜನನ್ನೂ ಒಂದು ಸಲ ನೋಡಿ, "ಒಂದು ಅರ್ಥವಾಗಲಿಲ್ಲ. ನಿಮ್ಮ ತಪ್ಪನ್ನ ಇವರು ಯಾಕೆ ತಮ್ಮ ತಲೆ ಮೇಲೆ ಹಾಕ್ಕೊಂಡ್ರು?" ಎಂದರು.

ಮಾದಯ್ಯ ಬೇಡ ಎನ್ನುವಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ.

"ಇವನು ನನ್ನ ಅಣ್ಣ" ಎಂದ ಚೆಲ್ವರಾಜ. "ಒಡಹುಟ್ಟಿದ ಅಣ್ಣ. ಫಾರಮ್ಮಿನಲ್ಲಿ ಸಂಬಂಧ ಇಲ್ಲ ಅಂತ ಬರೆದವನೂ ನಾನೇ."

ಲಲಿತಾಂಬ ಎದ್ದು, ಖಾಲಿಯಿದ್ದ ಕುರ್ಚಿಯನ್ನು ತಾವೇ ಎಳೆದು, "ಕೂತ್ಕೊಳ್ಳಿ ಮಾದಯ್ಯನವರೇ" ಅಂದರು. ಅವನು ಈ ಸಲವೂ ಕೂರಲಿಲ್ಲ, ಬರ್ತೀನಿ ಎಂದು ಕೈಮುಗಿದು ಕೋಲು ಊರುತ್ತ ಹೊರಟ.

ಚೆಲ್ವರಾಜ ಹಿಂದೆಯೇ ಓಡಿ ಬಂದು ಮೊಗಸಾಲೆಯಲ್ಲಿ ಅವನನ್ನು ಹಿಡಿದ.

"ಯಾಕ್ಲಾ ಹೇಳ್ದೆ? ಎಷ್ಟ್ ಚೆನ್ನಾಗಿ ದಡ್ಡನಾಗಿದ್ದೆ ನಾನು" ಎಂದ ಮಾದಯ್ಯ.

"ಆರು ಸಾವಿರ ಜನ ಅಣ್ಣ."

"ಅದು ಸರಿ ಬುಡು. ನಿಮ್ಮತ್ತಿಗೆ ಮೂರು ದಿನದಿಂದ ನಂಜೊತೆ ಮಾತು ಬುಟ್ಟವಳೆ ಅದ್ಕೇಯ." ನಾಲ್ಕು ಹೆಜ್ಜೆ ನಡೆದು ನಿಂತ. ಸಭೆಯಿಂದ ಹೊರಬಂದವರು ಅವರನ್ನು ದಾಟಿ ಹೋಗುತ್ತಿದ್ದರು. ಸುದರ್ಶನ ದಾರಿ ಬಿಟ್ಟು ಗೋಡೆಯ ಪಕ್ಕ ಸರಿದುಹೋದ. ಮಾದಯ್ಯ ಅವರೆಲ್ಲ ಹೋಗುವವರೆಗೆ ಕಾದ. ಆಮೇಲೆ ಕೇಳಿದ, ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕು ಅನ್ನುವವನ ಹಾಗೆ:

"ನಾಕು ಜನ್ರ ಮುಂದೆ ಇವ್ನು ನಮ್ಮಣ್ಣ ಅನ್ನೋಕೆ ನನ್ ಬೆರಳೇ ಹೋಗ್ಬೇಕಾಗಿತ್ತೇನ್ಲಾ ಚೆಲುವ?"

ಮುಂದೆ ಆರು ಮೆಟ್ಟಿಲು ಇಳಿಯುವುದಿತ್ತು. ಕಾಲು ಸಾಗದು ಎಂದು ಅಣ್ಣ ಚೆಲ್ವರಾಜನ ಹೆಗಲ ಮೇಲೆ ಕೈಯಿಟ್ಟ. ಇಳಿದಾದ ಮೇಲೆ ತೆಗೆದ.